ಶಾಕಾಹಾರವೂ ಪ್ರಸಾದವೂ

ಮಾನವನ ಬಾಳಿನಲ್ಲಿ ಅನ್ನವು ಪಡೆದಿರುವ ಸ್ಥಾನವನ್ನು ಯಾವ ಧರ್ಮವೂ ಅಲ್ಲಗಳೆದಿಲ್ಲ. ಉಪವಾಸವನ್ನು ವಿಧಿಸುವ ಧರ್ಮವು ಕೂಡ ಅನ್ನದ ಮಹತ್ತ್ವವನ್ನು ಒಪ್ಪಿಯೇ ಅದನ್ನು ವಿಧಿಸುತ್ತದೆ. ಆದರೆ ಅನ್ನವು ಅನ್ನವಾಗಿಯೇ ಉಳಿಯಲಾಗದು, ಅದು ಪ್ರಸಾದವಾಗಬೇಕು ಎಂಬುದು ವೀರಶೈವ ಧರ್ಮದ ವಿಶೇಷ. ಅಷ್ಟಾವರಣಗಳಲ್ಲಿ ಪ್ರಸಾದವೂ ಒಂದು. ಷಟ್‌ಸ್ಥಲಗಳಲ್ಲಿ ಮೂರನೆಯದು ಪ್ರಸಾದಿಸ್ಥಲ. ಲಿಂಗಕ್ಕೆ ಅರ್ಪಿಸದುದನ್ನು ಭಕ್ತನು ನಾಲಗೆಗೆ ತಾಕಿಸಲಾರನು. ಹೀಗಿರುವಲ್ಲಿ, ಯಾವುದನ್ನು ಲಿಂಗಕ್ಕೆ ಅರ್ಪಿಸಬಹುದು, ಯಾವುದನ್ನು ಅರ್ಪಿಸಬಾರದು ಎಂಬ ವಿಚಾರವು ಶರಣರ ಕಾಲದಿಂದಲೂ ಭಕ್ತರ ಮನೆಯ ಒಲೆಯ ಮುಂದೆಯೇ ನಿರ್ಣಯವಾಗುತ್ತ ಬಂದಿದೆ. ಪ್ರಾಣಿಹಿಂಸೆಯಿಂದ ಬಂದುದು ಅರ್ಪಣಯೋಗ್ಯವಲ್ಲವೆಂಬುದು ಸರ್ವವಿದಿತ. ಅದರಲ್ಲಿ ವಿವಾದವಿಲ್ಲ. ವಿಚಾರಿಸಬೇಕಾದ ಪ್ರಶ್ನೆ ಬೇರೆಯೇ ಇದೆ. ಮಾಂಸವನ್ನು ಬಿಟ್ಟ ಮಾತ್ರಕ್ಕೆ ಉಂಡ ಅನ್ನವು ಪ್ರಸಾದವಾಗುವುದೇ? ಶಾಕಾಹಾರವೆಂಬುದು ವ್ರತದ ಆದಿಯೋ, ಅಂತ್ಯವೋ?

ಈ ಪ್ರಶ್ನೆಯು ಪಂಡಿತರ ಗೋಷ್ಠಿಗೆ ಮಾತ್ರ ಸಂಬಂಧಿಸಿದುದೆಂದು ಯಾರೂ ಭಾವಿಸಬೇಕಾಗಿಲ್ಲ. ಇಂದಿನ ಒಂದು ಮನೆಯನ್ನು ಮನಸ್ಸಿಗೆ ತಂದುಕೊಂಡರೆ ಸಾಕು. ಯಜಮಾನನು ಕಚೇರಿಯಲ್ಲಿ ಗುಮಾಸ್ತ. ಗೃಹಿಣಿಯು ಪಾಠಶಾಲೆಯೊಂದರಲ್ಲಿ ಉಪಾಧ್ಯಾಯಿನಿ. ಮನೆಯಲ್ಲಿ ವೃದ್ಧೆಯಾದ ಅತ್ತೆ, ಓದುವ ಮಕ್ಕಳಿಬ್ಬರು. ಏಳೂವರೆಗೆ ಮಕ್ಕಳ ಬಸ್ಸು, ಎಂಟೂವರೆಗೆ ಆಕೆಯ ಬಸ್ಸು. ಆಕೆ ಐದಕ್ಕೆ ಎದ್ದು, ಮಿಂದು, ಲಿಂಗಪೂಜೆಯನ್ನು ಕಾಲುಗಂಟೆಯಲ್ಲಿ ಮುಗಿಸಿ ಒಲೆಯ ಮುಂದೆ ನಿಲ್ಲುತ್ತಾಳೆ. ಅತ್ತೆಗೆ ಮೆತ್ತನೆಯ ಬಿಸಿರೊಟ್ಟಿ, ಮಕ್ಕಳ ಡಬ್ಬಿಗೆ ಚಪಾತಿ, ಯಜಮಾನನಿಗೆ ಎರಡು ಬಗೆಯ ಪಲ್ಯ, ಮೇಲೆ ಸಾರು, ಅನ್ನ. ಯಜಮಾನನು ಆ ಹೊತ್ತಿನಲ್ಲಿ ಪೂಜೆಯ ಕೋಣೆಯಲ್ಲಿ ಒಂದು ಗಂಟೆ ನಿಶ್ಚಿಂತನಾಗಿ ಕುಳಿತಿರುತ್ತಾನೆ. ಕುಕ್ಕರಿನ ಸೀಟಿ ಹೆಚ್ಚು ಕೂಗಿದರೆ ಒಳಗಿನಿಂದಲೇ ಗದರುತ್ತಾನೆ. ಸಂಜೆ ಬಂದ ಅತಿಥಿಯ ಮುಂದೆ ಆತನು ಹೆಮ್ಮೆಯಿಂದ ಹೇಳುವ ಮಾತೊಂದುಂಟು: "ಮೂರು ತಲೆಮಾರಿನಿಂದ ನಮ್ಮ ಮನೆಯಲ್ಲಿ ಒಂದು ತತ್ತಿಯೂ ಒಡೆದಿಲ್ಲ. ನಮ್ಮ ಒಲೆಯ ಮೇಲೆ ಯಾವ ಜೀವಿಯೂ ನೊಂದಿಲ್ಲ."

ಅಲ್ಲಿಯೇ ಕುಳಿತಿದ್ದ ಕಿರಿಯ ಮಗಳು, "ಅಪ್ಪಾ, ಇವತ್ತು ಮುಂಜಾನೆ ಅವ್ವ ಒಲೆಯ ಮುಂದೆ ಕಣ್ಣೊರಸಿಕೊಳ್ಳುತ್ತಿದ್ದಳಲ್ಲಾ?" ಎಂದು ಕೇಳಿದರೆ ಆತನು ಏನೆಂದು ಉತ್ತರಿಸಬೇಕು?

ಮಗುವಿನ ಈ ಪ್ರಶ್ನೆಯಲ್ಲಿ ಶಾಕಾಹಾರದ ತತ್ತ್ವವೆಲ್ಲ ಅಡಗಿದೆ. ಧರ್ಮದ ಬೇರನ್ನು ಬಸವಣ್ಣನವರು ಕರುಣೆಯಲ್ಲಿ ಕಂಡರು. ಬಲಿಗೆಂದು ತಂದ ಪ್ರಾಣಿಯು ತನಗೊದಗಿದ ಮೃತ್ಯುವನ್ನು ಅರಿಯದೆ ಎದುರಿನ ಹಸುರಿಗೆ ಬಾಯಿಕ್ಕುವುದನ್ನು ಕಂಡು ಅವರ ಹೃದಯವು ಮರುಗಿತು. ಆ ಮರುಕವು ಮೊದಲು, ನಿಯಮವು ಆಮೇಲೆ. ಮರುಕವಿಲ್ಲದ ನಿಯಮವು ಬೇರಿಲ್ಲದ ಮರದಂತೆ. ನೋಡುವವರಿಗೆ ಕೆಲವು ದಿನ ಹಸುರಾಗಿಯೇ ತೋರೀತು. ಸಕಲ ಜೀವಿಗಳ ವಿಷಯದಲ್ಲಿ ದಯೆಯನ್ನು ಸಾರುವ ವ್ರತವು, ಆ ವ್ರತವನ್ನು ದಿನಕ್ಕೆ ಮೂರು ಹೊತ್ತು ತನ್ನ ಕೈಯಾರೆ ನಡೆಯಿಸಿಕೊಡುವ ಜೀವಿಯೊಂದನ್ನು ಮಾತ್ರ ಮರೆಯುವುದಾದರೆ, ಅದನ್ನು ಯಾವ ದಯೆಯೆಂದು ಕರೆಯಬೇಕು?

ಇಲ್ಲಿ ವೀರಶೈವ ಶಾಸ್ತ್ರದ ಅರ್ಪಣಕ್ರಮವನ್ನು ಸ್ಮರಿಸುವುದು ಉಚಿತ. ಛಾಂದೋಗ್ಯೋಪನಿಷತ್ತು ಆಹಾರಶುದ್ಧಿಯಿಂದ ಅಂತಃಕರಣ ಶುದ್ಧಿಯೆಂದು ಹೇಳುತ್ತದೆ. ಅಲ್ಲಿ ಆಹಾರವೆಂದರೆ ಉಣ್ಣುವ ಅನ್ನವೆಂದು ಕೆಲವರು ಅರ್ಥಮಾಡಿದರೆ, ಶಂಕರಾಚಾರ್ಯರು ಇಂದ್ರಿಯಗಳು ಒಳಗೆ ತಂದುಕೊಳ್ಳುವ ಸಮಸ್ತ ವಿಷಯಗಳೂ ಆಹಾರವೇ ಎಂದು ವ್ಯಾಖ್ಯಾನಿಸಿದರು. ಷಟ್‌ಸ್ಥಲ ಸಿದ್ಧಾಂತವು ಈ ಎರಡು ಅರ್ಥಗಳನ್ನೂ ಒಂದೇ ಎಡೆಯಲ್ಲಿ ಕೂಡಿಸಿದೆ. ಇಷ್ಟಲಿಂಗದಲ್ಲಿ ಷಡ್ವಿಧ ಲಿಂಗಗಳನ್ನು ಭಾವಿಸಿ, ಘ್ರಾಣದಿಂದ ಗಂಧವನ್ನು ಆಚಾರಲಿಂಗಕ್ಕೆ, ಜಿಹ್ವೆಯಿಂದ ರುಚಿಯನ್ನು ಗುರುಲಿಂಗಕ್ಕೆ, ನೇತ್ರದಿಂದ ರೂಪವನ್ನು ಶಿವಲಿಂಗಕ್ಕೆ, ತ್ವಕ್ಕಿನಿಂದ ಸ್ಪರ್ಶವನ್ನು ಜಂಗಮಲಿಂಗಕ್ಕೆ, ಶ್ರೋತ್ರದಿಂದ ಶಬ್ದವನ್ನು ಪ್ರಸಾದಲಿಂಗಕ್ಕೆ, ಹೃದಯದಿಂದ ತೃಪ್ತಿಯನ್ನು ಮಹಾಲಿಂಗಕ್ಕೆ ಅರ್ಪಿಸಬೇಕೆಂಬುದು ಅದರ ವಿಧಿ.

ಭಕ್ತನು ತನ್ನ ಎಡೆಯ ಮುಂದೆ ಕುಳಿತು ಈ ಆರನ್ನೂ ಒಂದೊಂದಾಗಿ ಪರೀಕ್ಷಿಸಿಕೊಳ್ಳಲಿ. ಬದನೆಯ ಎಣ್ಣೆಗಾಯಿಯ ಪರಿಮಳವುಂಟು, ಗಂಧವು ಅರ್ಪಿತವಾಯಿತು. ರುಚಿಗೆ ಕೊರತೆಯಿಲ್ಲ. ಬಿಳಿಯ ರೊಟ್ಟಿ, ಹಸುರು ಪಲ್ಯ, ಕೆಂಪು ಚಟ್ನಿ, ರೂಪವೂ ಉಂಟು. ಬಿಸಿರೊಟ್ಟಿಯ ಸ್ಪರ್ಶವೂ ಉಂಟು. ಆದರೆ ಶಬ್ದವೆಲ್ಲಿ? ಆ ಅಡುಗೆ ಸಿದ್ಧವಾಗುವಾಗ ಮನೆಯಲ್ಲಿ ಕೇಳಿಬಂದುದು ಗದರಿಕೆಯೇ ಆಗಿದ್ದರೆ ಪ್ರಸಾದಲಿಂಗಕ್ಕೆ ಅರ್ಪಿತವಾದುದು ಆ ಗದರಿಕೆಯೇ. ಕೊನೆಯದಾಗಿ ತೃಪ್ತಿ. ಉಂಡವರ ತೃಪ್ತಿಯನ್ನು ಎಲ್ಲರೂ ಎಣಿಸುತ್ತಾರೆ. ಅಟ್ಟವರ ತೃಪ್ತಿಯನ್ನು ಎಣಿಸುವವರು ವಿರಳ. ಎಲ್ಲರೂ ಉಂಡೆದ್ದ ಮೇಲೆ ತಣ್ಣಗಾದ ಅರ್ಧ ರೊಟ್ಟಿಯನ್ನು ನಿಂತುಕೊಂಡೇ ನುಂಗಿ ಬಸ್ಸಿಗೆ ಓಡುವವಳ ಹೃದಯದಲ್ಲಿ ಮಹಾಲಿಂಗಕ್ಕೆ ಏನು ಅರ್ಪಿತವಾದೀತು? ಆಕೆಯ ಕೊರಳಲ್ಲಿಯೂ ಅದೇ ಲಿಂಗವಿದೆಯಲ್ಲವೇ? ಮಾಂಸವನ್ನು ಬಿಟ್ಟುದು ಆಚಾರ. ಆದರೆ ಆರರಲ್ಲಿ ಎರಡು ಅರ್ಪಿತಗಳು ಕೆಟ್ಟ ಎಡೆಯನ್ನು ಪೂರ್ಣಪ್ರಸಾದವೆನ್ನಲು ಶಾಸ್ತ್ರವು ಒಪ್ಪಲಾರದು.

ಇದಕ್ಕೆ ಕೆಲವರು ಆಕ್ಷೇಪವನ್ನೆತ್ತಬಹುದು. "ಅಡುಗೆಯು ಹೆಣ್ಣಿನ ಕಾಯಕ. ಕಾಯಕದಲ್ಲಿ ಶ್ರಮವಿಲ್ಲದೆ ಇದ್ದೀತೇ? ಶ್ರಮವನ್ನು ಹಿಂಸೆಯೆನ್ನುವುದಾದರೆ ಒಕ್ಕಲಿಗನು ಉಳುವುದೂ ಹಿಂಸೆಯೇ ಆದೀತು" ಎಂಬುದು ಅವರ ವಾದ. ಮೇಲುನೋಟಕ್ಕೆ ಇದು ಸಮಂಜಸವೆಂದೇ ತೋರುತ್ತದೆ. ಆದರೆ ಶರಣರ ಚರಿತ್ರೆಯನ್ನು ನೋಡಿದವರು ಇದನ್ನು ಒಪ್ಪಲಾರರು. ಕದಿರ ರೆಮ್ಮವ್ವೆಯ ಕಾಯಕವು ನೂಲುವುದು. ಅಮುಗೆ ರಾಯಮ್ಮನದು ನೇಯ್ಗೆ. ಸತ್ಯಕ್ಕನದು ಅಂಗಳ ಗುಡಿಸುವುದು. ಹೆಣ್ಣಾಗಿ ಹುಟ್ಟಿದುದರಿಂದಲೇ ಇಂಥದೊಂದು ಕಾಯಕವೆಂದು ಅವರಾರೂ ಗೊತ್ತುಮಾಡಲಿಲ್ಲ. ಹುಟ್ಟಿನಿಂದ ಕಾಯಕವನ್ನೂ ಕಾಯಕದಿಂದ ಮೇಲುಕೀಳನ್ನೂ ಎಣಿಸುವ ರೂಢಿಯನ್ನು ಮುರಿದುದೇ ಕಲ್ಯಾಣದ ಕ್ರಾಂತಿಯ ತಿರುಳು. ಜಾತಿಯ ವಿಷಯದಲ್ಲಿ ಆ ತತ್ತ್ವವನ್ನು ಕೊಂಡಾಡುವವನು ಅಡುಗೆಮನೆಯ ಹೊಸ್ತಿಲಲ್ಲಿ ಅದನ್ನು ಬಿಟ್ಟುಬರುವುದು ನ್ಯಾಯವಲ್ಲ. ಇನ್ನು ಶ್ರಮವೆಲ್ಲ ಹಿಂಸೆಯೆಂದು ಇಲ್ಲಿ ಯಾರೂ ಹೇಳುತ್ತಿಲ್ಲ. ಒಕ್ಕಲಿಗನಿಗೆ ಎತ್ತಿನ ಜೋಡಿಯುಂಟು. ಹಗಲು ಮುಗಿದ ಮೇಲೆ ನೊಗವನ್ನು ಇಳಿಸುವ ಹೊತ್ತೂ ಉಂಟು. ಹೊರಗಿನ ಕಾಯಕವನ್ನೂ ಒಳಗಿನ ಕಾಯಕವನ್ನೂ ಒಂದೇ ಹೆಗಲಿಗೆ ಕಟ್ಟಿ, ನೊಗವನ್ನು ಇಳಿಸದೆಯೇ ಇರುವುದು ಎತ್ತಿನ ವಿಷಯದಲ್ಲಿಯೂ ಅಧರ್ಮವೆನಿಸುತ್ತದೆ.

ಮಠಗಳ ದಾಸೋಹವನ್ನು ಕಂಡವರಿಗೆ ಇನ್ನೊಂದು ಸಂಗತಿ ಹೊಳೆಯದೆ ಇರದು. ತುಮಕೂರಿನ ಸಮೀಪದ ಸಿದ್ಧಗಂಗೆಯಲ್ಲಿ ಶ್ರೀ ಶಿವಕುಮಾರ ಮಹಾಸ್ವಾಮಿಗಳವರ (1907–2019) ಕಾಲದಲ್ಲಿ ಸಹಸ್ರಾರು ಬಾಲಕರಿಗೆ ಅನ್ನ, ಅಕ್ಷರ, ಆಶ್ರಯಗಳು ನಿರಂತರವಾಗಿ ದೊರೆತವು. ಇಂಥ ದಾಸೋಹದ ಅಡುಗೆಮನೆಗಳಲ್ಲಿ ದೊಡ್ಡ ದೊಡ್ಡ ಪಾತ್ರೆಗಳ ಮುಂದೆ ಹುಟ್ಟು ಹಿಡಿದು ನಿಲ್ಲುವವರು ಬಹುಮಟ್ಟಿಗೆ ಗಂಡಸರೇ. ಜಾತ್ರೆಯ ದಿನ ಮಠದಲ್ಲಿ ತರಕಾರಿ ಹೆಚ್ಚಲು, ಎಲೆ ಹಾಕಲು, ಬಡಿಸಲು, ಎಂಜಲೆತ್ತಲು ಗಣ್ಯ ಗೃಹಸ್ಥರೂ ಮುಂದೆ ಬರುತ್ತಾರೆ. ಅದನ್ನು ಸೇವೆಯೆಂದು ಹಿಗ್ಗುತ್ತಾರೆ. ಅದೇ ಗೃಹಸ್ಥನಿಗೆ ಮನೆಯಲ್ಲಿ ಒಂದು ಈರುಳ್ಳಿಯನ್ನು ಹೆಚ್ಚುವುದಕ್ಕೆ ಸಂಕೋಚ! ಮಠದ ಒಲೆಯ ಮುಂದೆ ಪುಣ್ಯವಾದುದು ಮನೆಯ ಒಲೆಯ ಮುಂದೆ ಲಜ್ಜೆಯಾಗುವುದು ಹೇಗೆ? ದಾಸೋಹವೆಂಬುದು ಸ್ಥಳದ ಹೆಸರಲ್ಲ, ಭಾವದ ಹೆಸರು.

ಇನ್ನೊಂದು ಆಕ್ಷೇಪವು ಕಾಲಕ್ಕೆ ಸಂಬಂಧಿಸಿದುದು. "ಮಾಂಸವಿಲ್ಲದ ಅಡುಗೆಗೆ ಬಗೆಬಗೆಯ ಪದಾರ್ಥಗಳು ಬೇಕು. ನೆನೆಹಾಕಬೇಕು, ರುಬ್ಬಬೇಕು, ಸೊಪ್ಪು ಸೋಸಬೇಕು. ಇಬ್ಬರೂ ದುಡಿಯುವ ಮನೆಯಲ್ಲಿ ಇದು ಸಾಧ್ಯವೇ? ಸಾಧ್ಯವಿಲ್ಲದುದನ್ನು ಧರ್ಮವೆನ್ನುವುದು ಸರಿಯೇ?" ಎಂದು ಹೊಸ ತಲೆಮಾರಿನವರು ಕೇಳುತ್ತಾರೆ. ಇದು ತಿರಸ್ಕರಿಸತಕ್ಕ ಪ್ರಶ್ನೆಯಲ್ಲ. ಇದಕ್ಕೆ ಉತ್ತರವು ಆಯ್ದಕ್ಕಿ ಲಕ್ಕಮ್ಮನ ಮನೆಯಲ್ಲಿ ದೊರೆಯುತ್ತದೆ.

ಮಹಾಮನೆಯ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಆತನು ನಿತ್ಯಕ್ಕಿಂತ ಹೆಚ್ಚಾಗಿ ತಂದನು. ಲಕ್ಕಮ್ಮನು ಅದನ್ನು ಕಂಡು ಹಿಗ್ಗಲಿಲ್ಲ. ಹೆಚ್ಚಾದುದು ಆಸೆಯೆಂದು ಅರಿತು, ಅದನ್ನು ತಂದಲ್ಲಿಯೇ ಸುರಿದು ಬರುವಂತೆ ಪತಿಯನ್ನು ಹಿಂದಕ್ಕೆ ಕಳುಹಿಸಿದಳು. ಈ ಪ್ರಸಂಗವನ್ನು ಜನರು ಕಾಯಕನಿಷ್ಠೆಗೆ ದೃಷ್ಟಾಂತವಾಗಿ ಹೇಳುತ್ತಾರೆ, ಅದು ಯುಕ್ತವೇ. ಆದರೆ ಅಡುಗೆಯ ದೃಷ್ಟಿಯಿಂದಲೂ ಅದರಲ್ಲಿ ಎರಡು ಪಾಠಗಳಿವೆ. ಸಾಕೆಂಬುದರ ಅಳತೆಯನ್ನು ಬಲ್ಲ ಅಡುಗೆಮನೆಯಲ್ಲಿ ದಾರಿದ್ರ್ಯವಿಲ್ಲವೆಂಬುದು ಮೊದಲನೆಯದು. ಆ ಅಳತೆಯನ್ನು ನಿರ್ಣಯಿಸುವ ಅಧಿಕಾರವು ಅಟ್ಟಿಕ್ಕುವವಳಿಗೂ ಉಂಟೆಂಬುದು ಎರಡನೆಯದು. ಮಾರಯ್ಯನು ಅದನ್ನು ಒಪ್ಪಿ ಹಿಂದಿರುಗಿದನು, ಎದುರಾಡಲಿಲ್ಲ.

ಗಡಿಬಿಡಿಯ ಮನೆಗಳಲ್ಲಿ ಕಷ್ಟವನ್ನು ತಂದೊಡ್ಡುವುದು ಶಾಕಾಹಾರವಲ್ಲ, ಅತಿಯಾದ ಪಟ್ಟಿ. ಅತ್ತೆಗೊಂದು, ಮಗನಿಗೊಂದು, ಯಜಮಾನನಿಗೆ ಎರಡು ಎಂದು ಒಬ್ಬಳೇ ನಾಲ್ಕು ಅಡುಗೆಗಳನ್ನು ಮಾಡುವ ಪದ್ಧತಿಯು ಯಾವ ಆಗಮದಲ್ಲಿಯೂ ವಿಹಿತವಾಗಿಲ್ಲ. ಕನ್ನಡ ನಾಡಿನ ಹಿರಿಯರು ಸರಳವಾದ ಊಟವನ್ನು ಬಹಳ ವಿವೇಕದಿಂದ ರೂಪಿಸಿದ್ದಾರೆ. ಉತ್ತರ ಕರ್ನಾಟಕದ ಕಡಕ್ ರೊಟ್ಟಿಯನ್ನು ಒಮ್ಮೆ ಬಡಿದು ಒಣಗಿಸಿಟ್ಟರೆ ವಾರಗಟ್ಟಲೆ ಕೆಡದು. ಶೇಂಗಾ, ಗುರೆಳ್ಳು, ಅಗಸಿಗಳ ಹಿಂಡಿಯೂ ಅಂಥದೇ. ರಾತ್ರಿ ನೆನೆಯಿಟ್ಟು ಬಟ್ಟೆಯಲ್ಲಿ ಕಟ್ಟಿದ ಮಡಕೆಕಾಳು ಮೊಳಕೆಯೊಡೆದರೆ ಹತ್ತು ನಿಮಿಷದಲ್ಲಿ ಪಲ್ಯವಾಗುತ್ತದೆ. ಹಸಿಹಿಟ್ಟಿನ ಝುಣಕವು ಅದಕ್ಕಿಂತಲೂ ಬೇಗ ಆಗುತ್ತದೆ. ಹೋಳಿಗೆಗೆ ಬೇಳೆಯನ್ನು ಬೇಯಿಸಿದ ನೀರನ್ನು ಚೆಲ್ಲದೆ ಕಟ್ಟಿನ ಸಾರು ಮಾಡಿದ ಗೃಹಿಣಿಯರು ಲಕ್ಕಮ್ಮನ ವಂಶದವರೇ ಸರಿ. ದಕ್ಷಿಣದ ರಾಗಿಮುದ್ದೆ, ಸೊಪ್ಪಿನ ಹುಳಿಗಳೂ ಇದೇ ವಿವೇಕದ ಫಲ.

ಇಂಥ ಊಟವು ದೇಹಕ್ಕೆ ಸಾಲದೆಂಬ ಭಯಕ್ಕೂ ಆಸ್ಪದವಿಲ್ಲ. ಏಕದಳ ಧಾನ್ಯದಲ್ಲಿ ಕಡಿಮೆಯಿರುವ ಸಾರಾಂಶವು ಬೇಳೆಕಾಳಿನಲ್ಲಿಯೂ, ಬೇಳೆಕಾಳಿನಲ್ಲಿ ಕಡಿಮೆಯಿರುವುದು ಧಾನ್ಯದಲ್ಲಿಯೂ ಇರುವುದರಿಂದ ರೊಟ್ಟಿ ಮತ್ತು ಕಾಳುಪಲ್ಯಗಳು ಒಂದನ್ನೊಂದು ತುಂಬಿಕೊಡುತ್ತವೆಂದು ಆಧುನಿಕ ಆಹಾರಶಾಸ್ತ್ರವು ಹೇಳುತ್ತದೆ. ಸೊಪ್ಪಿನ ಮೇಲೆ ನಿಂಬೆಯ ಹುಳಿಯನ್ನು ಹಿಂಡಿದರೆ ಅದರಲ್ಲಿರುವ ಕಬ್ಬಿಣದ ಅಂಶವು ಚೆನ್ನಾಗಿ ಮೈಗೂಡುತ್ತದೆ. ಊಟದ ಹಿಂದೆಯೇ ಚಹ ಕುಡಿದರೆ ಅದಕ್ಕೆ ಅಡ್ಡಿಯಾಗುತ್ತದೆ. ಬಿ12 ಎಂಬ ಜೀವಸತ್ತ್ವವು ಸಸ್ಯಗಳಲ್ಲಿ ದೊರೆಯದುದರಿಂದ ಹಾಲು, ಮೊಸರು, ಮಜ್ಜಿಗೆಗಳನ್ನು ಎಡೆಯಿಂದ ತಪ್ಪಿಸಲಾಗದು. ಕೊರತೆ ಕಂಡಲ್ಲಿ ವೈದ್ಯರ ಸಲಹೆಯಂತೆ ನಡೆಯಬೇಕು. ಉಳಿದುದನ್ನೆಲ್ಲ ಇತರರಿಗೆ ಬಡಿಸಿ ತಾನು ಬರಿಯ ಅನ್ನ ಸಾರಿನಲ್ಲಿ ದಿನ ಕಳೆಯುವ ತಾಯಿಯಲ್ಲಿಯೇ ಈ ಕೊರತೆಗಳು ಮೊದಲು ತಲೆದೋರುವುವೆಂಬುದನ್ನು ಮನೆಯವರು ಮರೆಯಬಾರದು.

ಹೊರಗಿನಿಂದ ರೊಟ್ಟಿಯನ್ನು ಕೊಂಡುತಂದರೆ ವ್ರತಭಂಗವಾದೀತೇ ಎಂಬ ಶಂಕೆಯೂ ಕೆಲವರಲ್ಲಿ ಉಂಟು. ಇಂದು ಅನೇಕ ಊರುಗಳಲ್ಲಿ ಹೆಣ್ಣುಮಕ್ಕಳು ರೊಟ್ಟಿ ಬಡಿದು ಮಾರಿ ಜೀವನ ಸಾಗಿಸುತ್ತಾರೆ. ಅದೂ ಸತ್ಯಶುದ್ಧ ಕಾಯಕವೇ. ಆ ರೊಟ್ಟಿಯನ್ನು ನ್ಯಾಯವಾದ ಬೆಲೆಗೆ ಕೊಂಡು ಲಿಂಗಕ್ಕೆ ಅರ್ಪಿಸಿ ಉಣ್ಣುವುದರಲ್ಲಿ ದೋಷವಿಲ್ಲ. ತನ್ನ ಮನೆಯವಳ ಬೆನ್ನುನೋವಿನ ಮೇಲೆ ಬೆಂದ ಬಿಸಿರೊಟ್ಟಿಗಿಂತ ಅದು ಶುದ್ಧತರವಾದ ಅರ್ಪಿತ.

ಇನ್ನು ಶಾಕಾಹಾರದ ವ್ರತಕ್ಕೆ ಅಂಟಿಕೊಂಡು ಬರುವ ಒಂದು ಸೂಕ್ಷ್ಮವಾದ ವಿಷವಿದೆ, ಅದು ಅಹಂಕಾರ. ಕಲ್ಯಾಣದ ಅರಸನಾದ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ರಾಜಭೋಜನದ ವರ್ಣನೆಯಿದೆ. ಅಲ್ಲಿ ಮಾಂಸದ ಅಡುಗೆಗಳೂ ಹೇರಳವಾಗಿವೆ. ಅದೇ ನಗರದಲ್ಲಿ ಕೆಲವು ದಶಕಗಳ ತರುವಾಯ ಶರಣರು ಹಿಂಸೆಯಿಲ್ಲದ ಎಡೆಯನ್ನು ಹಾಕಿದರು. ನಾನಾ ಕುಲಗಳಿಂದ, ನಾನಾ ಆಹಾರಪದ್ಧತಿಗಳಿಂದ ಬಂದವರು ಆ ಪಂಕ್ತಿಯಲ್ಲಿ ಕುಳಿತರು. ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯರನ್ನು ಬಸವಣ್ಣನವರು ತಮ್ಮ ಹಿರಿಯರೆಂದು ಕರೆದುಕೊಂಡರು. ಅವರ ಪೂರ್ವದ ಊಟವನ್ನು ಎತ್ತಿ ಹಂಗಿಸಿದ್ದರೆ ಆ ಪಂಕ್ತಿಯೇ ಕೂಡುತ್ತಿರಲಿಲ್ಲ. ಹಿಂಸೆಯಿಲ್ಲದ ಅಡುಗೆಯು ವೀರಶೈವರೊಬ್ಬರ ಸ್ವತ್ತೂ ಅಲ್ಲ. ಜೈನಕವಿ ಮೂರನೆಯ ಮಂಗರಸನು ಹದಿನಾರನೆಯ ಶತಮಾನದ ಆದಿಯಲ್ಲಿ ಕನ್ನಡದಲ್ಲಿ 'ಸೂಪಶಾಸ್ತ್ರ'ವನ್ನು ಬರೆದನು. ಅದು ಆದ್ಯಂತವಾಗಿ ನಿರ್ಮಾಂಸ ಪಾಕಗಳ ಗ್ರಂಥ. ಪಡೆದುದನ್ನು ಸ್ಮರಿಸುವವನಿಗೆ ಗರ್ವವು ಬಾರದು.

ಮೇಲೆ ಹೇಳಿದ ಮನೆಯ ಹುಡುಗನು ಶಾಲೆಯಲ್ಲಿ ಜತೆಗಾರನೊಬ್ಬನ ಡಬ್ಬಿಯಲ್ಲಿ ಮೀನನ್ನು ಕಂಡು ಮೂಗು ಮುಚ್ಚಿಕೊಂಡು ನಕ್ಕನೆಂದು ಭಾವಿಸೋಣ. ಆ ಜತೆಗಾರನು ಅಂದು ಉಣ್ಣದೆ ಡಬ್ಬಿಯನ್ನು ಮುಚ್ಚಿಟ್ಟನು. ಒಂದು ಮೀನನ್ನು ಕೊಲ್ಲದ ಬಾಲಕನು ಒಬ್ಬ ಮಾನವನ ಹಸಿವನ್ನು ಕೊಂದನು. ಈ ಪಾಪವನ್ನು ಯಾವ ಲೆಕ್ಕಕ್ಕೆ ಬರೆಯಬೇಕು? ಅಂಥ ಮಗುವಿಗೆ ತಾಯಿತಂದೆಗಳು ಹೇಳಬೇಕಾದುದು ಇಷ್ಟು: "ಮಗು, ನಾವು ಮಾಂಸವನ್ನು ಉಣ್ಣದೆ ಇರುವುದು ಯಾವ ಜೀವಿಯೂ ನೋಯಬಾರದೆಂದು. ಆ ಹುಡುಗನೂ ಒಂದು ಜೀವವೇ." ತನ್ನ ಆಚಾರವನ್ನು ಬಿಡದಿರುವುದು ನಿಷ್ಠೆ, ಪರರನ್ನು ಹಳಿಯದಿರುವುದು ಭೃತ್ಯಾಚಾರ. ಪಂಚಾಚಾರಗಳಲ್ಲಿ ಒಂದನ್ನು ಹಿಡಿದು ಇನ್ನೊಂದನ್ನು ಒದ್ದರೆ ಹಿಡಿದುದೂ ಕೈಜಾರುತ್ತದೆ.

ಆದ್ದರಿಂದ ಶಾಕಾಹಾರವು ವ್ರತದ ಅಂತ್ಯವಲ್ಲ, ಆದಿ. ಅದು ಹೊಸ್ತಿಲು, ಹೊಸ್ತಿಲಲ್ಲಿಯೇ ನಿಂತವನು ಮನೆಯನ್ನು ಸೇರಿದವನಲ್ಲ. ಪ್ರಾಣಿಯ ಮೇಲಿನ ದಯೆಯು ಅಡುಗೆಯವಳ ಮೇಲೆ, ನೆರೆಯವನ ಮೇಲೆ, ಮುಸುರೆ ತಿಕ್ಕುವ ಆಳಿನ ಮೇಲೆ, ಹಾಲನ್ನು ಕೊಟ್ಟು ಬತ್ತಿದ ಹಸುವಿನ ಮೇಲೆ ಹರಿದು ಬಂದಾಗ ಅನ್ನವು ಪ್ರಸಾದವಾಗುತ್ತದೆ. ಹಾಗೆಂದು ವ್ರತವನ್ನು ಸಡಿಲಿಸಬಹುದೆಂದು ಯಾರೂ ಅರ್ಥಮಾಡಬಾರದು. ದಯೆಯು ಪೂರ್ಣವಾಗಲಿಲ್ಲವೆಂದು ಇದ್ದಷ್ಟು ದಯೆಯನ್ನೂ ಬಿಡುವುದು, ದೀಪವು ಮಂಕಾಯಿತೆಂದು ಅದನ್ನು ಆರಿಸಿದಂತೆ. ಮಾಡಬೇಕಾದುದು ಎಣ್ಣೆಯನ್ನೆರೆಯುವುದು.

ಗೃಹಸ್ಥನು ಇದಕ್ಕಾಗಿ ಮಹತ್ಸಾಧನೆಯನ್ನೇನೂ ಮಾಡಬೇಕಾಗಿಲ್ಲ. ಒಂದು ಗಂಟೆಯ ಪೂಜೆಯಲ್ಲಿ ಅರ್ಧ ಗಂಟೆಯನ್ನು ಒಲೆಯ ಮುಂದೆ ಕಳೆಯಲಿ; ಲಿಂಗವು ಅಲ್ಲಿಯೂ ಆತನ ಎದೆಯ ಮೇಲೆಯೇ ಇರುತ್ತದೆ. ರಾತ್ರಿ ಕಾಳನ್ನು ನೆನೆಯಿಡುವುದು ಆತನ ಕೆಲಸವಾಗಲಿ. ಡಬ್ಬಿಗಳನ್ನು ಬೆಳಗುವುದು ಮಗನದೂ ಮಗಳದೂ ಆಗಲಿ. ಸೊಪ್ಪನ್ನು ಸೋಸುವಾಗ ಅತ್ತೆಯವರು ಮಕ್ಕಳಿಗೆ ಶರಣರ ಕಥೆಯನ್ನು ಹೇಳಲಿ. ನಾಲ್ಕು ಪದಾರ್ಥಗಳು ಎರಡಾಗಲಿ. ವಾರಕ್ಕೊಮ್ಮೆಯಾದರೂ ಮನೆಯವರೆಲ್ಲರೂ ಒಂದೇ ಪಂಕ್ತಿಯಲ್ಲಿ ಕುಳಿತು, ಅಟ್ಟವಳ ಎಡೆಯನ್ನು ಬೇರೆಯವರು ಬಡಿಸಿ, ಆಕೆ ಲಿಂಗಕ್ಕೆ ತೋರಿ ಮೊದಲ ತುತ್ತನ್ನೆತ್ತುವವರೆಗೆ ಕಾಯಲಿ. ಆ ದಿನ ಮಗುವು ತನ್ನ ಪ್ರಶ್ನೆಯನ್ನು ಮತ್ತೆ ಕೇಳಲಾರದು. ಕೇಳಿದರೂ ತಂದೆಯು ತಲೆತಗ್ಗಿಸದೆ ಉತ್ತರಿಸಬಲ್ಲನು.